ಒಳಗೇನೈತಿ ನೋಡೂಣಂತ!

ಗದಗಿನಲ್ಲಿ ಮೊಟ್ಟಮೊದಲು ‘ಲೊಕೇಶನ್ ಶೇರ್’ ಮಾಡಿದವರು ಯಾರು ಅಂತ ಕ್ವಿಜ್ಜಿನಲ್ಲಿ ಯಾರೂ ಕೇಳುವುದಿಲ್ಲ. ಕೇಳಿದರೆ ಉತ್ತರ ಸಿದ್ಧವಿದೆ: ಗುರುರಾಜ ಜೋಶಿ ಮಾಸ್ತರರು. ಅವರ ಮಗನಿಗೆ ಭಜನೆಯ ಮೇಳ ಬೀದಿಯಲ್ಲಿ ಹೊರಟರೆ ಸಾಕು, ಬೆನ್ನು ಹತ್ತಿ ಹೋಗಿಬಿಡುವ ಚಟ. ಹೋದವನು ದಣಿದು ಎಲ್ಲಿ ಬೇಕೆಂದರಲ್ಲಿ ಮಲಗಿಬಿಡುತ್ತಿದ್ದ. ಹುಡುಕಿ ಹುಡುಕಿ ಬೇಸತ್ತ ಮಾಸ್ತರರು ಕೊನೆಗೆ ಮಗನ ಅಂಗಿಯ ಮೇಲೆಯೇ ‘ಜೋಶಿ ಮಾಸ್ತರರ ಮಗ’ ಅಂತ ಬರೆದರು. ಚಾರ್ಜಿಂಗ್ ಬೇಡ, ಸಿಗ್ನಲ್ ಬೇಡ, ತಿಂಗಳಿಗೊಮ್ಮೆ ರೀಚಾರ್ಜ್ ಬೇಡ. ನಾಲ್ಕಕ್ಷರ ಬಲ್ಲ ಯಾರ ಕಣ್ಣಿಗೆ ಬಿದ್ದರೂ ಹುಡುಗ ಮನೆಗೆ ಡೆಲಿವರಿ.

ಇಂಥ ಭದ್ರ ವ್ಯವಸ್ಥೆಯೂ 1933ರಲ್ಲಿ ಕೈಕೊಟ್ಟಿತು. ಯಾವುದೋ ಅಂಗಡಿಯಲ್ಲಿ ಗ್ರಾಮಫೋನು ತಿರುಗುತ್ತಿತ್ತು. ಅದರ ಮೇಲೆ ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮರಿ. ಆ ಕಾಲದ ತಟ್ಟೆ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದದ್ದು ಮೂರೂ ಚಿಲ್ಲರೆ ನಿಮಿಷದ ಹಾಡು. ಅಷ್ಟಕ್ಕೇ ಹನ್ನೊಂದು ವರ್ಷದ ಹುಡುಗ ಮನೆಬಿಟ್ಟು ರೈಲು ಹತ್ತಿದ. ಸಹಪ್ರಯಾಣಿಕರಿಗೆ ಹಾಡಿ ತೋರಿಸುತ್ತ, ಟಿಕೆಟ್ಟಿನ ಚಿಂತೆ ಮಾಡದೆ ಪುಣೆ, ಗ್ವಾಲಿಯರ್ ಅಂತ ಉತ್ತರ ಹಿಂದೂಸ್ತಾನವನ್ನೆಲ್ಲ ಜಾಲಾಡಿದ. ಕೊನೆಗೆ ಗುರು ಸಿಕ್ಕಿದ್ದು ಎಲ್ಲಿ ಅಂತೀರಿ? ಮನೆಯ ಹಿತ್ತಲು ಅನ್ನಬಹುದಾದ ಕುಂದಗೋಳದಲ್ಲಿ! ಅಲ್ಲಿಯ ಸವಾಯಿ ಗಂಧರ್ವರು ಅದೇ ಕರೀಂ ಖಾನರ ಶಿಷ್ಯರು. ಕೈಯಲ್ಲಿ ಗೂಗಲ್ ಮ್ಯಾಪು ಇದ್ದಿದ್ದರೆ ಭೀಮಸೇನ ಜೋಶಿಯವರು ನೆಟ್ಟಗೆ ಕುಂದಗೋಳಕ್ಕೇ ಹೋಗುತ್ತಿದ್ದರು. ಆಗ ಭಾರತರತ್ನ ಬರುತ್ತಿತ್ತೋ ಇಲ್ಲವೋ, ಆ ಮಾತು ಬೇರೆ.

ಇವರ ಗಾಯನದ ಬಗ್ಗೆ ಎಲ್ಲರೂ ಬರೆದಿದ್ದಾರೆ. ನನಗೆ ಬೇಕಾದದ್ದು ಅವರ ಕಾರಿನ ಹುಚ್ಚು. ಜೋಶಿಯವರಿಗೆ ಕಾರೆಂದರೆ ಪ್ರಾಣ. ಕಚೇರಿಗೆ ಮೈಲಿಗಟ್ಟಲೆ ತಾವೇ ಓಡಿಸಿಕೊಂಡು ಹೋಗುತ್ತಿದ್ದರು. ಎಂಜಿನ್ನಿನ ಒಳಗುಟ್ಟು ಬಲ್ಲವರು. ವಿಮಾನದಲ್ಲಿ ಊರೂರು ಹಾರಿ ಹಾಡುವುದನ್ನು ಕಂಡು ಪು.ಲ. ದೇಶಪಾಂಡೆಯವರು ‘ಹವಾಯಿ ಗಂಧರ್ವ’ ಅಂತ ಹೆಸರಿಟ್ಟರು. ಅಂದರೆ ಗದುಗಿನ ನೀರಿನಲ್ಲೇ ಯಂತ್ರದ ಮೋಹ ಬೆರೆತಿದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಕಿಲ್ಲ.

ಈ ಸಿದ್ಧಾಂತ ನನ್ನದಲ್ಲ, ನಮ್ಮ ಕಾಕಾನದು. ಲಕ್ಷ್ಮೇಶ್ವರದ ಬಜಾರಿನಲ್ಲಿ ಅಂಗಡಿ ಇಟ್ಟುಕೊಂಡು ಅರ್ಧ ಶತಮಾನದಿಂದ ಊರಿನ ಯಂತ್ರಗಳ ಹೊಟ್ಟೆ ಸೀಳುತ್ತ ಬಂದಿರುವ ಕಾಕಾ, ಯಾರಾದರೂ ತಮ್ಮ ಚಟದ ಬಗ್ಗೆ ಚಕಾರ ಎತ್ತಿದರೆ ಸಾಕು, ಭೀಮಸೇನರನ್ನು ಮುಂದೆ ತಂದು ನಿಲ್ಲಿಸುತ್ತಾರೆ.

“ಗ್ರಾಮಫೋನ್ ಇರಲಿಲ್ಲಂದ್ರ ಭೀಮಸೇನ ಜೋಶಿ ಎಲ್ಲಿ ಬರತಿದ್ರಪಾ?”

ಒಳಗಿನಿಂದ ಚಿಗವ್ವ: “ಅವರು ಹಾಡು ಕೇಳಿದ್ರು, ಉದ್ಧಾರ ಆದ್ರು. ನೀವು ಆ ಅಂಗಡ್ಯಾಗ ಇದ್ದಿದ್ರ ಗ್ರಾಮಫೋನ್ ಬಿಚ್ಚತಿದ್ರಿ.”

ಮಾತು ನೂರಕ್ಕೆ ನೂರು ಖರೆ. ಸಾಮಾನ್ಯ ಜನ ಹೊಸ ಸಾಮಾನು ಬಂದರೆ ಬಳಸುತ್ತಾರೆ, ಕಾಕಾ ಬಿಚ್ಚುತ್ತಾರೆ. “ಒಳಗ ಏನೈತಿ ಅಂತ ಗೊತ್ತಿಲ್ಲದ ಸಾಮಾನು ಮನ್ಯಾಗ ಇಟ್ಕೊಂಡು ನಿಮಗೆಲ್ಲ ಹ್ಯಾಂಗ ನಿದ್ದಿ ಹತ್ತತೈತಿ?” ಅಂತ ಅವರಿಗೆ ನಿಜವಾಗಿಯೂ ಆಶ್ಚರ್ಯ. ಬಿಚ್ಚಿದ್ದನ್ನು ತಿರುಗಿ ಜೋಡಿಸುತ್ತಾರೆ, ಅದೂ ನಡೆಯುತ್ತದೆ, ಸುಳ್ಳು ಹೇಳಬಾರದು. ಆದರೆ ಪ್ರತಿ ಸಲ ಒಂದೆರಡು ಸ್ಕ್ರೂ ಉಳಿಯುತ್ತವೆ. ಅವು ಹಾರ್ಲಿಕ್ಸ್ ಬಾಟಲಿಗೆ ಹೋಗುತ್ತವೆ. “ಇವೇನು ಕಾಕಾ?” ಅಂದರೆ, “ಕಂಪನಿಯವರು ಹೆಚ್ಚಿಗಿ ಹಾಕಿರತಾರ” ಎಂಬ ಉತ್ತರ. ಬಾಟಲಿ ಈಗ ಮೂರನೆಯದು. ಈ ಲೆಕ್ಕದಲ್ಲಿ ಜಗತ್ತಿನ ಕಂಪನಿಗಳೆಲ್ಲ ಸ್ಕ್ರೂ ದಾನ ಮಾಡಿಯೇ ಮುಳುಗಿರಬೇಕು.

ಇದು ಮದುವೆಯ ಕಾಲದಿಂದ ಬಂದ ರೂಢಿ. ಚಿಗವ್ವನ ತವರು ಮುಂಡರಗಿ. ಆಗ ಅಳಿಯನಿಗೆ ವಾಚು, ಸೈಕಲ್ಲು, ರೇಡಿಯೋ ಕೊಡುವುದೆಂದರೆ ಬೀಗರ ಪ್ರತಿಷ್ಠೆಯ ಪ್ರಶ್ನೆ. ಮಾವನವರು ಮರ್ಫಿ ರೇಡಿಯೋ ತರಿಸಿ, ಅಕ್ಷತೆ ಬಿದ್ದ ಮರುದಿನ ಪಡಸಾಲೆಯಲ್ಲಿ ಇಟ್ಟು, ಓಣಿಯವರನ್ನೆಲ್ಲ ಕರೆದು ಧಾರವಾಡ ಆಕಾಶವಾಣಿ ಹಚ್ಚಿ ಕೇಳಿಸಿದರು. 1950ರಿಂದ ನಮ್ಮ ಭಾಗದ ಮನೆಗಳಿಗೆ ಹೊತ್ತು ಮೂಡಿಸುತ್ತಿದ್ದುದು ಧಾರವಾಡದ ರೇಡಿಯೋ. ಮಧ್ಯಾಹ್ನ ಊಟವಾಗಿ ಬೀಗರು ಅಡ್ಡಾದರು. ಎದ್ದು ಬಂದು ನೋಡಿದರೆ ಪಡಸಾಲೆಯಲ್ಲಿ ಹೊಸ ಮದುಮಗ, ಎದುರಿಗೆ ಹಾಸಿದ ಹೊಸ ಧೋತರ, ಧೋತರದ ಮೇಲೆ ಸಾಲಾಗಿ ಮರ್ಫಿಯ ಕರುಳು. ಸ್ಪೀಕರ್ ಒಂದು ಕಡೆ, ಕಾಯಿಲ್ ಒಂದು ಕಡೆ, ಸೂಜಿ ಓಡುವ ದಾರ ಅರಿಶಿನ ಹಚ್ಚಿದ ಕಾಲ್ಬೆರಳಿಗೆ ಸುತ್ತಿಕೊಂಡಿದೆ. ಮಾವನವರು ಎದೆ ಹಿಡಿದುಕೊಂಡು ಕಂಬಕ್ಕೆ ಒರಗಿದರಂತೆ. ಕಾಕಾ ತಲೆ ಎತ್ತಿ, “ಚಲೋ ಸಾಮಾನ ಐತ್ರಿ ಮಾವಾರ, ಮೋಸ ಆಗಿಲ್ಲ” ಅಂದರಂತೆ.

ಸಂಜೆಯೊಳಗೆ ರೇಡಿಯೋ ಹಾಡಿತು. ಮೊದಲಿಗಿಂತ ಜೋರಾಗಿಯೇ ಹಾಡಿತು. ಆದರೂ ಮಾವನವರು ಕೊನೆಯವರೆಗೂ ಅಳಿಯ ಬಂದಾಗೊಮ್ಮೆ ತಮ್ಮ ಕೈಗಡಿಯಾರ ಬಿಚ್ಚಿ ಟ್ರಂಕಿನಲ್ಲಿಟ್ಟು ಕೀಲಿ ಹಾಕುತ್ತಿದ್ದರು.

ಈಗಿನ ಹುಡುಗರು ತಮ್ಮ ‘ಕರಿಯರ್’ ಬಗ್ಗೆ ಎರಡು ಪುಟದ ಬಯೋಡೇಟಾ ಬರೆಯುತ್ತಾರೆ. ಕಾಕಾನ ಬಯೋಡೇಟಾ ಅವರ ಅಂಗಡಿಯ ತಗಡಿನ ಬೋರ್ಡು. ಹೊಸ ಧಂದೆ ಹಿಡಿದಾಗೊಮ್ಮೆ ಅದರ ಮೇಲೆಯೇ ಹೊಸ ಬಣ್ಣ ಬಳಿಸಿ ಹೊಸ ಹೆಸರು ಬರೆಸುತ್ತಾರೆ. ಹೊಸ ತಗಡು ಕೊಳ್ಳುವ ಮಾತಿಲ್ಲ. ಮೇಲಿನ ಬಣ್ಣ ಬಿಸಿಲಿಗೆ ಸುಲಿದಂತೆಲ್ಲ ಕೆಳಗಿನ ಅಕ್ಷರಗಳು ಇಣುಕುತ್ತವೆ. ‘ಮೊಬೈಲ್’ ಎಂಬುದರ ಹೊಟ್ಟೆಯಲ್ಲಿ ‘ಎಸ್.ಟಿ.ಡಿ.’, ಅದರ ಬೆನ್ನಿಗೆ ‘ಟಿ.ವಿ.’, ಮೂಲೆಯಲ್ಲಿ ಕೆಂಪು ಬಣ್ಣದ ‘ರೇಡಿ’, ಉಳಿದ ‘ಯೋ’ ತುಕ್ಕಿಗೆ ಹೋಗಿದೆ. ವಿಳಾಸದ ಪಾಡೂ ಅದೇ. ಮೊದಲು ‘ಜಿಲ್ಲಾ ಧಾರವಾಡ’ ಇತ್ತು. 1997ರಲ್ಲಿ ಗದಗ ಜಿಲ್ಲೆಯಾಯಿತು, ತಿದ್ದಿದರು. ಆಮೇಲೂ ‘ತಾಲೂಕು ಶಿರಹಟ್ಟಿ’ ಅಂತ ಉಳಿದಿತ್ತು. 2018ರಲ್ಲಿ ಲಕ್ಷ್ಮೇಶ್ವರವೇ ತಾಲೂಕಾಯಿತು, ಮತ್ತೆ ತಿದ್ದಿದರು. ಸೋಮೇಶ್ವರನ ಗುಡಿಗೆ ಶಾಸನ ಓದಲು ಬಂದಿದ್ದ ವಿದ್ವಾಂಸರೊಬ್ಬರು ಚಾರ್ಜರ್ ಕೊಳ್ಳಲು ಬಂದು, ಈ ಬೋರ್ಡಿನ ಎದುರೇ ಬಹಳ ಹೊತ್ತು ನಿಂತು ಫೋಟೋ ತೆಗೆದುಕೊಂಡು ಹೋದರು.

ಆ ಪದರಗಳನ್ನು ಕೆಳಗಿನಿಂದ ಓದಿಕೊಂಡು ಬರಬೇಕು. ಕೆಲಸ ಕಲಿತದ್ದು ಗದಗ-ಬೆಟಗೇರಿಯಲ್ಲಿ, ಒಬ್ಬ ರೇಡಿಯೋ ಮೇಸ್ತ್ರಿಯ ಕೈಕೆಳಗೆ. ಸಂಬಳ ಅಂದರೆ ದಿನಕ್ಕೊಂದು ಗಿರ್ಮಿಟ್ಟು, ಮೇಲೊಂದು ಮಿರ್ಚಿ. ಬೆಟಗೇರಿಯ ನೇಕಾರರ ಮನೆಯಲ್ಲಿ ಮಗ್ಗದ ಸಪ್ಪಳದ ಮೇಲೂ ಹಾಡು ಕೇಳಬೇಕು, ಹಾಗಾಗಿ ಅವರಿಗೆ ದೊಡ್ಡ ದನಿಯ ರೇಡಿಯೋವೇ ಬೇಕು. ಕಾಕಾ ಮೊದಲು ಕಲಿತ ವಿದ್ಯೆ ದನಿ ಏರಿಸುವುದು. ಆ ವಿದ್ಯೆ ನೇರ ಮೈಕ್ ಸೆಟ್ಟಿಗೆ ಕರೆದೊಯ್ದಿತು. ಒಂದು ಆಹುಜಾ ಆಂಪ್ಲಿಫೈಯರ್, ಎರಡು ಹಾರ್ನ್, ಒಂದು ಚಕ್ಕಡಿ. ಶಿರಹಟ್ಟಿಯ ಫಕೀರೇಶ್ವರ ಜಾತ್ರೆಯಲ್ಲಿ “ಹಲೋ, ಹಲೋ, ಮೈಕ್ ಟೆಸ್ಟಿಂಗ್” ಅಂತ ಬೆಳಗಿನಿಂದ ಸಂಜೆಯವರೆಗೆ ಟೆಸ್ಟು ಮಾಡಿದ್ದೇ ಮಾಡಿದ್ದು. ರಾತ್ರಿ ನಾಟಕ ಶುರುವಾಗಿ, ನಾಯಕಿ ಬಾಯಿ ತೆರೆದದ್ದೇ ತಡ, ಹಾರ್ನು ಕುಂಯ್ ಅಂದು ಸುಮ್ಮನಾಯಿತು. ಮುಂದಿನ ಸಾಲಿನಲ್ಲಿ ಕೂತಿದ್ದ ಮುದುಕರೊಬ್ಬರು ಎದ್ದು ನಿಂತು, “ನಮ್ಮ ಊರಾಗ ವೆಂಕೋಬರಾಯರ ಕಂಪನಿ ಇತ್ತಲೇ ತಮ್ಮಾ. ಮೈಕ್ ಇಲ್ಲದ ಹಿಂದಿನ ಚಾಪಿಗೂ ಕೇಳತಿತ್ತು. ನಿನ್ನ ಮೈಕ್ ಹಚ್ಚಿದ ಮ್ಯಾಲೆ ಮುಂದ ಕುಂತ ನನಗೂ ಕೇಳಂಗಿಲ್ಲ” ಅಂದರು. ಶಿರಹಟ್ಟಿ ವೆಂಕೋಬರಾಯರ ಹೆಸರು ಎತ್ತಿದ ಮೇಲೆ ಆ ಊರಲ್ಲಿ ಎದುರಾಡುವವರಾರು? ನಟರು ಆ ರಾತ್ರಿ ಗಂಟಲು ಹರಿದುಕೊಂಡರು. ಕಾಕಾ ಮಾತ್ರ ರಂಗದ ಪಕ್ಕದಲ್ಲಿ, ಪೆಟ್ರೋಮ್ಯಾಕ್ಸ್ ಬೆಳಕಿನಲ್ಲಿ, ಆಂಪ್ಲಿಫೈಯರ್ ಬಿಚ್ಚಿಕೊಂಡು ಪರಮಾನಂದದಲ್ಲಿದ್ದರು.

ಕ್ಯಾಸೆಟ್ಟಿನ ಕಾಲವನ್ನು ಹೆಚ್ಚು ಹೇಳುವುದಿಲ್ಲ. ಸುತ್ತಿಕೊಂಡ ರೀಲನ್ನು ಪೆನ್ಸಿಲ್ಲಿನಿಂದ ತಿರುವಿದ ತಲೆಮಾರಿಗೆ ಅದು ಗೊತ್ತು, ಉಳಿದವರಿಗೆ ಹೇಳಿದರೂ ಗೊತ್ತಾಗದು. ಟಿ.ವಿ. ಬಂತು. 1987ರಲ್ಲಿ ‘ರಾಮಾಯಣ’ ಶುರುವಾದಾಗ ಭಾನುವಾರ ಬೆಳಿಗ್ಗೆ ಊರೆಲ್ಲ ಟಿ.ವಿ. ಎದುರು, ಕಾಕಾ ಊರಿನ ಮಾಳಿಗೆಗಳ ಮೇಲೆ. ಮಂದಿ ಒಳಗಿನಿಂದ “ಬಂತು... ಬಂತು... ಹೋತು!” ಅಂತ ಕೂಗುವುದು, ಇವರು ಆಂಟೆನಾ ತಿರುವುವುದು. ರಾವಣನನ್ನು ಇಡೀ ದೇಶ ಕಣ್ಣಾರೆ ನೋಡಿತು. ಲಕ್ಷ್ಮೇಶ್ವರಕ್ಕೆ ರಾವಣನನ್ನು ತೋರಿಸಿದ ಕಾಕಾ ಅವನ ದನಿಯನ್ನಷ್ಟೇ ಕೇಳಿದರು. ಆಮೇಲೆ ಹಳದಿ ಬೋರ್ಡಿನ ಎಸ್.ಟಿ.ಡಿ. ಬೂತು. ಗಾಜಿನ ಪೆಟ್ಟಿಗೆ, ಒಳಗೊಂದು ಪುಟ್ಟ ಫ್ಯಾನು, ತಲೆಯ ಮೇಲೆ ಎದೆಬಡಿತ ಏರಿಸುವ ಕೆಂಪಂಕಿಗಳ ಮೀಟರು. ರಾತ್ರಿ ತಡವಾದಷ್ಟೂ ದರ ಇಳಿಯುತ್ತಿತ್ತು, ಹಾಗಾಗಿ ಊರಿನ ಪ್ರೇಮ, ಜಗಳ, ಸಾಲ, ಎಲ್ಲವೂ ಊಟವಾದ ಮೇಲೆಯೇ. ಕಾಕಾಗೆ ಊರಿನ ಗುಟ್ಟುಗಳೆಲ್ಲ ಗೊತ್ತಿದ್ದವು ಅಂತ ಜನ ಅಂದುಕೊಂಡಿದ್ದಾರೆ. ನಾನು ಬಲ್ಲೆ, ಅವರು ಒಂದನ್ನೂ ಕೇಳಿಸಿಕೊಂಡಿರಲಿಲ್ಲ. ಅವರ ಲಕ್ಷ್ಯವೆಲ್ಲ ಮೀಟರಿನ ಮೇಲೆ. ದುಡ್ಡಿಗಾಗಿ ಅಲ್ಲ, ಅಂಕಿ ಹೇಗೆ ಬದಲಾಗುತ್ತದೆ ಎಂಬುದಕ್ಕಾಗಿ.

ಇಷ್ಟೆಲ್ಲ ಧಂದೆ ಬದಲಿಸಿದ್ದಕ್ಕೆ ಮನೆಯಲ್ಲಿ ಮಂಗಳಾರತಿ ಆಗದೇ ಇರಲಿಲ್ಲ. ಆಗ ಕಾಕಾ ಭೀಮಸೇನರನ್ನು ಬಿಟ್ಟು ವಿಜಯ ಸಂಕೇಶ್ವರರನ್ನು ಹಿಡಿಯುತ್ತಿದ್ದರು. ಅವರದು ಗದುಗಿನ ಮುದ್ರಣದ ಮನೆತನ. ಅಚ್ಚಿನ ಯಂತ್ರದ ನಡುವೆ ಬೆಳೆದವರು 1976ರಲ್ಲಿ ಒಂದೇ ಒಂದು ಲಾರಿ ಕೊಂಡು ಸಾಗಣೆಗಿಳಿದರು. ಮುಂದಿನದು ರಸ್ತೆಯ ಮೇಲೆ ಎಲ್ಲರೂ ಓದಿರುವ ಮೂರಕ್ಷರ. 2022ರಲ್ಲಿ ಅವರ ಮೇಲೆ ಸಿನಿಮಾ ಬಂದಾಗ ಕಾಕಾ ಗದಗಿಗೆ ಹೋಗಿ ನೋಡಿ ಬಂದು, “ನೋಡು, ಅವರೂ ಮನೀ ಧಂದೆ ಬಿಟ್ಟು ಹೊಸಾ ಮಷೀನ್ ಹಿಡಿದ್ರು” ಅಂದರು.

“ಹೌದ್ರಿ,” ಅಂದಳು ಚಿಗವ್ವ, “ಅವರು ಒಂದು ಲಾರಿ ತಗೊಂಡು ಸಾವಿರ ಮಾಡಿದ್ರು. ನೀವು ಸಾವಿರ ರೇಡಿಯೋ ತಂದು ಒಂದು ತಿಪ್ಪಿ ಮಾಡಿದ್ರಿ.”

ತಿಪ್ಪೆಗೆ ಬಂಡವಾಳ ಎಲ್ಲಿಂದ ಅಂತ ಕೇಳಬೇಡಿ. ಸಾಲದ ವಿಷಯದಲ್ಲಿ ನಮ್ಮ ಜಿಲ್ಲೆ ಭಾರತಕ್ಕೇ ಗುರು. 1905ರಲ್ಲಿ ಗದಗಿನ ಪಕ್ಕದ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ರೈತ ಸಾವಕಾರನ ಬಾಯಿಗೆ ಬೀಳದೆ ಬೀಜಕ್ಕೆ, ಎತ್ತಿಗೆ ಸಾಲ ಪಡೆದು ಕಂತಿನಲ್ಲಿ ತೀರಿಸಲಿ ಅನ್ನುವ ದೊಡ್ಡ ಮನಸ್ಸು ಅವರದು. ಅದೇ ನೆಲದ ಹುಡುಗರು ಈಗ ಕಂತಿನಲ್ಲಿ ಫೋನು ಕೊಳ್ಳುತ್ತಾರೆ. ಎತ್ತಾದರೆ ಕಂತು ತೀರುವ ತನಕ ಉಳುತ್ತಿತ್ತು. ಫೋನು ಕಂತು ತೀರುವ ಮೊದಲೇ ‘ಹಳೇದು’ ಅನ್ನಿಸಿಕೊಳ್ಳುತ್ತದೆ.

ಫೋನಿನ ಮಾತಿಗೆ ಬಂದೆ. 1995ರ ಜುಲೈನಲ್ಲಿ ಈ ದೇಶದ ಮೊದಲ ಮೊಬೈಲ್ ಕರೆ ಕಲ್ಕತ್ತೆಯಿಂದ ದಿಲ್ಲಿಗೆ ಹೋದಾಗ ಮಾತಿಗೂ ದುಡ್ಡು, ಕೇಳಿಸಿಕೊಳ್ಳುವುದಕ್ಕೂ ದುಡ್ಡು. ನಮ್ಮ ಕಡೆ ಅದು ನಿಜವಾಗಿ ಇಳಿದದ್ದು 2003ರಲ್ಲಿ, ಒಳಬರುವ ಕರೆ ಪುಕ್ಕಟೆಯಾದ ಮೇಲೆ. ಅದೇ ವರ್ಷ ಬಂದ ನೋಕಿಯಾ 1100ಕ್ಕೆ ಕಾಕಾ ಮನಸೋತರು. ತುದಿಯಲ್ಲೊಂದು ಬ್ಯಾಟರಿ ದೀಪ, ಧೂಳು ಹೋಗದ ರಬ್ಬರಿನ ಕೀಲಿಗಳು. ಜಗತ್ತಿನಲ್ಲಿ ಅದು 25 ಕೋಟಿ ಖರ್ಚಾಯಿತಂತೆ. ಖರ್ಚಾಗದೆ ಏನು? ಮುಂಡರಗಿ ಕಡೆಯ ರೈತನಿಗೆ ಮೋಟಾರಿನ ಕರೆಂಟು ಬರುವುದು ನಡುರಾತ್ರಿ. ಕಾಲ ಕೆಳಗೆ ಹಾವೋ ಹಗ್ಗವೋ ತೋರಿಸುವ ಫೋನೇ ಫೋನು. ಅದರಲ್ಲಿ ಮಾತಾಡಲೂಬಹುದು ಎಂಬುದು ಮೇಲಿನ ಲಾಭ. ಕಾಕಾ ಅದನ್ನು ಹಲ್ಲಿಲ್ಲದವರೂ ಬಿಚ್ಚಬಹುದು ಎನ್ನುತ್ತಿದ್ದರು. ಗಿರಾಕಿ ಚಹಾ ಕುಡಿದು ಬರುವುದರೊಳಗೆ ಬಿಚ್ಚಿ, ತೊಳೆದು, ಒಣಗಿಸಿ, ಜೋಡಿಸಿ ಕೈಗಿಡುತ್ತಿದ್ದರು.

ಈಗಿನ ಫೋನುಗಳ ಮೇಲೆ ಕಾಕಾನ ಸಿಟ್ಟು ಅದಕ್ಕೇ. ಸ್ಕ್ರೂ ಇಲ್ಲ, ಗೀರಿಲ್ಲ, ಎಲ್ಲ ಅಂಟು. ಬಿಸಿ ಗಾಳಿ ಊದಿ, ತಗಡಿನ ಚೂರು ತೂರಿಸಿ, ಉಸಿರು ಬಿಗಿಹಿಡಿದು ಎಬ್ಬಿಸಬೇಕು. ಕೈ ಜಾರಿದರೆ ಗಾಜು ಹೋಯಿತು. “ಇದು ಮಷೀನ್ ಅಲ್ಲೋ, ಸಮಾಧಿ” ಅನ್ನುತ್ತಾರೆ. ಬ್ಯಾಟರಿಯನ್ನು ಬಳಸುವವನೇ ಬಿಚ್ಚಿ ಬದಲಿಸುವಂತೆ ಇರಬೇಕು ಅಂತ ಯುರೋಪಿನವರು ಕಾನೂನು ಮಾಡಿದ್ದಾರೆ, 2027ರಿಂದ ಜಾರಿ ಎಂದು ನಾನು ಪೇಪರಿನಲ್ಲಿ ಓದಿ ಹೇಳಿದೆ. ಕಾಕಾ ಒಂದು ಗಳಿಗೆ ಸುಮ್ಮನಿದ್ದು, “ಪಾಸ್‌ಪೋರ್ಟಿಗೆ ಎಷ್ಟ ಹತ್ತತೈತಿ?” ಅಂತ ಕೇಳಿದರು. ಬ್ಯಾಟರಿ ಒಂದು ದಿನವೂ ಬಾಳುವುದಿಲ್ಲ ಎಂದು ಗೊಣಗುವ ಹುಡುಗರಿಗೆ ಅವರು ಕುಮಾರವ್ಯಾಸನನ್ನು ತೋರಿಸುತ್ತಾರೆ. ವೀರನಾರಾಯಣನ ಗುಡಿಯಲ್ಲಿ ಆ ಮಹಾನುಭಾವ ಒದ್ದೆ ಬಟ್ಟೆ ಉಟ್ಟು ಕೂತು, ಅದು ಮೈಮೇಲೆ ಆರುವ ತನಕ ಮಾತ್ರ ಬರೆಯುತ್ತಿದ್ದ ಎಂಬ ಪ್ರತೀತಿ ಇದೆಯಲ್ಲ. “ಒಂದು ಧೋತರ ಆರೂ ತನಕದ ಬ್ಯಾಟರಿಯೊಳಗ ಭಾರತ ಬರದಾನ. ನೀ ಇಡೀ ದಿನದ ಬ್ಯಾಟರಿಯೊಳಗ ಏನ್ ಕಿಸದಿ?”

ಒಂದು ಸಲ ಮಾತ್ರ ಕಾಕಾ ಫೋನಿನ ಮುಂದೆ ಮೆತ್ತಗಾದದ್ದು ನಾನು ಕಂಡಿದ್ದೇನೆ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತ, ಕಣ್ಣಿಲ್ಲದ ಹುಡುಗನೊಬ್ಬ ಭಜನೆಗೆ ಪೇಟಿ ಬಾರಿಸಲು ಊರಿಗೆ ಬಂದಿದ್ದ. ಪಂಚಾಕ್ಷರಿ ಗವಾಯಿಗಳ, ಪುಟ್ಟರಾಜ ಗವಾಯಿಗಳ ಆಶ್ರಮ ಅದು. ಪುಟ್ಟರಾಜರು ಬ್ರೈಲಿನಲ್ಲಿ ಚುಕ್ಕಿ ಚುಕ್ಕಿ ಪೋಣಿಸಿಯೇ ಗ್ರಂಥಗಳನ್ನು ಬರೆದವರು. ಆ ಹುಡುಗ ಫೋನು ಕೌಂಟರಿನ ಮೇಲಿಟ್ಟು, “ಕಾಕಾರ, ಸ್ಪೀಕರ್ ಸ್ವಲ್ಪ ಕೋಮಲ ಹತ್ತೈತ್ರಿ” ಅಂದ. ಪರದೆ ಪೂರಾ ಕತ್ತಲು. ಕಾಕಾ “ಡಿಸ್‌ಪ್ಲೇನ ಹೋಗೇತಲ್ಲೋ” ಅಂದರು. “ಅದನ್ನ ನಾನ ಬಂದ್ ಇಟ್ಟೇನ್ರಿ, ನನಗ್ಯಾಕ ಬೇಕು?” ಅಂತ ಹುಡುಗ ನಕ್ಕು ಬೆರಳು ಸವರಿದ. ಫೋನು ಪಟಪಟ ಮಾತಾಡತೊಡಗಿತು, ನಮಗೊಂದು ಅಕ್ಷರ ತಿಳಿಯದಷ್ಟು ವೇಗ. ಅವನು ಅದೇ ವೇಗದಲ್ಲಿ ಮೆಸೇಜು ಓದಿದ, ಉತ್ತರ ಕೊಟ್ಟ, ಬಸ್ಸಿನ ಹೊತ್ತು ನೋಡಿದ. ಕಾಕಾ ಸ್ಪೀಕರಿನ ಜಾಳಿಗೆಯಲ್ಲಿ ಸೇರಿದ್ದ ಧೂಳನ್ನು ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆದು, ಹುಡುಗನ ಕಿವಿಗೆ ಹಿಡಿದು, “ಈಗ?” ಅಂದರು. “ಈಗ ಶುದ್ಧ ಐತ್ರಿ.” ದುಡ್ಡು ತೆಗೆದುಕೊಳ್ಳಲಿಲ್ಲ. ಅವನು ಹೋದ ಮೇಲೆ ತಮ್ಮ ಫೋನಿನಲ್ಲೂ ಆ ಮಾತಾಡುವ ವ್ಯವಸ್ಥೆ ಚಾಲೂ ಮಾಡಿದರು. ಬಂದ್ ಮಾಡಲು ಬರಲಿಲ್ಲ. ಎರಡು ದಿನ ಆ ಫೋನು ಕಾಕಾಗೆ ಬಂದ ಸಾಲಗಾರರ ಮೆಸೇಜುಗಳನ್ನೆಲ್ಲ ಇಡೀ ಬಜಾರಿಗೆ ಓದಿ ಹೇಳಿತು.

ಸದ್ಯದ ಹುಚ್ಚು ಡ್ರೋನು. ಮದುವೆಯ ಫೋಟೋದವರದೊಂದು ಕೆಟ್ಟ ಡ್ರೋನು ರಿಪೇರಿಗೆ ಬಂದದ್ದೇ ನೆಪ. ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವಲ್ಲ, ಹಿಮಾಲಯ ದಾಟಿ, ಮಂಗೋಲಿಯಾ ಕಡೆಯಿಂದ. ಅವುಗಳ ನಡುವೆ ಹಾರಿಸಿ ನೋಡಬೇಕೆಂದು ಆಸೆ. 2024ರಲ್ಲಿ ಆ ಕೆರೆ ರಾಮ್ಸಾರ್ ಪಟ್ಟಿಗೆ ಸೇರಿದೆ, ಅಲ್ಲಿ ಇದನ್ನು ಎತ್ತಿದರೆ ನಿಮ್ಮನ್ನೇ ಎತ್ತಿಕೊಂಡು ಹೋಗುತ್ತಾರೆ ಅಂತ ಹೆದರಿಸಿ ತಡೆದೆ. ಆಗ ಕಪ್ಪತಗುಡ್ಡದ ಕಡೆ ಹೊರಟರು, ಗಾಳಿಯಂತ್ರದ ರೆಕ್ಕೆಯ ಬುಡ ನೋಡಿ ಬರುತ್ತೇನೆ ಅಂತ. “ಆ ಫ್ಯಾನಗೋಳು ಮಾಡೂದು ಸಾಲದೇನು? ಬಂದ ಮಾಡ ಎಲ್ಲಾ ಓಡಿಸಿ ಮಳಿ ತಪ್ಪಿಸ್ಯಾವು” ಅಂದಳು ಚಿಗವ್ವ. ಗಾಳಿಯಂತ್ರ ಗಾಳಿ ಬೀಸುವುದಿಲ್ಲ, ಗಾಳಿಗೆ ತಾನೇ ತಿರುಗಿ ಕರೆಂಟು ಮಾಡುತ್ತದೆ ಎಂದು ಕಾಕಾ ಟೇಬಲ್ ಫ್ಯಾನು ಬಿಚ್ಚಿ, ಊದಿ ತಿರುಗಿಸಿ ಪಾಠ ಮಾಡಿದರು. ಅವಳು ಪೂರ್ತಿ ಕೇಳಿ, “ಅದೆಲ್ಲ ಖರೆ. ಈಗ ಈ ಫ್ಯಾನ ಯಾರು ಕೂಡಸ್ತಾರ? ಶೆಕಿ ಆಗಾಕತ್ತೈತಿ” ಅಂದಳು.

ಇವರ ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಅವನ ಮನೆಯಲ್ಲಿ ಕರೆದರೆ ಓಗೊಡುವ ದೀಪವಿದೆ, ತಾನೇ ಕಸ ಗುಡಿಸುವ ಚಕ್ರವಿದೆ. ಒಂದು ಟೆಸ್ಟರ್ ಇಲ್ಲ, ಒಂದು ಪಕ್ಕಡ ಇಲ್ಲ. ನಲ್ಲಿಯ ವಾಷರ್ ಹೋದರೂ ಆ್ಯಪಿನಲ್ಲಿ ಮನುಷ್ಯನನ್ನು ತರಿಸುತ್ತಾನೆ. ಕಾಕಾ ಅಲ್ಲಿಗೆ ಹೋದರೆ ಮೂರು ದಿನಕ್ಕೆ ಕೈ ತುರಿಸಲು ಶುರುವಾಗಿ ವಾಪಸ್ ಬರುತ್ತಾರೆ. ಕಳೆದ ದೀಪಾವಳಿಗೆ ಬಂದಾಗ ಅವನು ಅಪ್ಪನ ಕೈಗೊಂದು ಸ್ಮಾರ್ಟ್ ವಾಚು ಕಟ್ಟಿದ. “ಅಪ್ಪಾ, ಡಾಕ್ಟರ್ ನಡೀರಿ ಅಂದಾರ. ನೀವು ದಿನಾ ಎಷ್ಟು ಹೆಜ್ಜಿ ನಡದ್ರಿ ಅಂತ ನನ್ನ ಫೋನಿಗೆ ಬರತೈತಿ. ಬಿಚ್ಚಬ್ಯಾಡ್ರಿ ಮತ್ತ!”

ಬಿಚ್ಚಲಿಲ್ಲ. ಆದರೆ ಮೂರನೆಯ ದಿನಕ್ಕೆ ಅದರ ಗುಟ್ಟು ಹಿಡಿದರು: ವಾಚು ಎಣಿಸುವುದು ಕಾಲನ್ನಲ್ಲ, ಕೈಯ ಬೀಸನ್ನು. ಅಂದಿನಿಂದ ಅದು ಚಿಗವ್ವನ ಬಲಗೈಗೆ ಹೋಯಿತು, ಬಳೆಗಳ ಮೇಲೆ. ಅವಳು ಜೋಳದ ರೊಟ್ಟಿ ಬಡಿಯಲು ಕೂತರೆ ಒಲೆಯ ಮುಂದಿನಿಂದ ಅಲುಗದೆಯೇ ಊರ ಅಗಸಿ ದಾಟುತ್ತಾಳೆ. ಪಂಚಮಿಗೆ ಮೂರು ಮನೆಯ ರೊಟ್ಟಿ ಬಡಿದ ದಿನವಂತೂ ವಾಚು ಗಡಗಡ ನಡುಗಿ, ಪಟಾಕಿಯ ಚಿತ್ರ ಹಾರಿಸಿ ಅಭಿನಂದನೆ ಸಲ್ಲಿಸಿತು. ಕೂಡಲೇ ಬೆಂಗಳೂರಿನಿಂದ ಫೋನು.

“ಅಪ್ಪಾ, ಭಾರಿ ನಡದೀರಲ್ಲ ಇವತ್ತು! ಎಲ್ಲಿಗೆ ಹೋಗಿದ್ರಿ?”

ಕಾಕಾ ಮಡಿಲಲ್ಲಿದ್ದ ಮಿಕ್ಸರಿನ ಮೋಟಾರು ಪಕ್ಕಕ್ಕಿಟ್ಟು, “ಶಿರಹಟ್ಟಿ ತನಕ ಹೋಗಿ ಬಂದ್ಯಾ” ಅಂದರು.

“ಅವನ್ನ ಕೇಳ್ರಿ,” ಅಂತ ಒಲೆಯ ಕಡೆಯಿಂದ ಚಿಗವ್ವ ಕೂಗಿದಳು, “ಬರೂ ಮುಂದ ಇನ್ನೊಂದು ವಾಚ ತರತಾನೇನು ಅಂತ. ಎಡಗೈಲೆ ಹಿಟ್ಟ ನಾದೂದು ಲೆಕ್ಕಕ್ಕ ಬರವಲ್ದು.”